ಮೈತ್ರಿಯ ಪಾಠವೂ ಮನೆವಾರ್ತೆಯೂ

ಕನ್ನಡದಲ್ಲಿ ಬುದ್ಧನನ್ನು ಕುರಿತು ಬರೆದವರು ಕಡಿಮೆಯೇನಲ್ಲ. ಮಾಸ್ತಿಯವರ ‘ಯಶೋಧರಾ’ ನಾಟಕ 1933ರಷ್ಟು ಹಿಂದೆಯೇ ಬಂತು. ಮಂಜೇಶ್ವರ ಗೋವಿಂದ ಪೈಗಳು ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನವನ್ನು ಕಾವ್ಯವಾಗಿಸಿದರು. ಜಿ. ಪಿ. ರಾಜರತ್ನಂ ಅವರಂತೂ ಪಾಲಿ ಭಾಷೆಯನ್ನೇ ಕಲಿತು, ಬೌದ್ಧ ಗ್ರಂಥಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ವ್ರತದಂತೆ ನಡೆಸಿದರು. ಹೆಂಡಗುಡುಕ ರತ್ನನ ಪದಗಳನ್ನು ಬರೆದ ಕೈಯೇ ಮದ್ಯ ಮುಟ್ಟಬಾರದೆನ್ನುವ ಬುದ್ಧವಚನವನ್ನೂ ಕನ್ನಡಿಸಿತೆಂಬುದು ನಮ್ಮ ಸಾಹಿತ್ಯದ ಸೊಗಸಾದ ವಿನೋದಗಳಲ್ಲೊಂದು. ಆದರೆ ಹಳಗನ್ನಡದಲ್ಲಿ ಹುಡುಕಹೊರಟರೆ ಬೌದ್ಧ ಕೃತಿಯೊಂದೂ ನಮಗೆ ಉಳಿದು ಬಂದಿಲ್ಲ. ಜೈನರು, ವೀರಶೈವರು, ಬ್ರಾಹ್ಮಣರು ಕಟ್ಟಿದ ಮನೆ ಅದು. ಹಾಗಾಗಿ ಕನ್ನಡದ ಬುದ್ಧನೆಂದರೆ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಬುದ್ಧ. ನಾಟಕ, ಕಾವ್ಯ, ಶಾಲೆಯ ಪಾಠಪುಸ್ತಕ ಇವುಗಳ ಬಾಗಿಲಿನಿಂದ ಒಳಗೆ ಬಂದವನು.

ಇದರಿಂದ ಒಂದು ಪರಿಣಾಮವಾಗಿದೆ. ನಮಗೆ ಬುದ್ಧ ದೃಶ್ಯಗಳಲ್ಲಿ ಪರಿಚಿತ. ನಡುರಾತ್ರಿ ಮಲಗಿದ ಹೆಂಡತಿ ಮಗುವನ್ನು ನೋಡಿ ಹೊಸ್ತಿಲು ದಾಟುವ ರಾಜಕುಮಾರ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದು ಕಿಸಾಗೋತಮಿಯನ್ನು ಕಳುಹಿಸಿದ ಗುರು. ಅಂಗುಲಿಮಾಲನ ಎದುರು ನಿಶ್ಚಲನಾಗಿ ನಿಂತ ಸಂನ್ಯಾಸಿ. ಓದುತ್ತೇವೆ, ಕಣ್ಣು ತೇವವಾಗುತ್ತದೆ, ಪುಸ್ತಕ ಮುಚ್ಚುತ್ತೇವೆ. ಕರುಣೆಯೆಂದರೆ ಕಣ್ಣು ತೇವವಾಗುವುದು ಎಂಬ ಎಣಿಕೆ ನಮ್ಮಲ್ಲಿ ಬೇರೂರಿರುವುದಕ್ಕೆ ಈ ದೃಶ್ಯಗಳೂ ಒಂದಿಷ್ಟು ಕಾರಣವೆಂದು ನನಗೆ ತೋರುತ್ತದೆ. ಮಾರನೆಯ ಬೆಳಿಗ್ಗೆ 8.12ರ ಲೋಕಲ್ ಹಿಡಿಯಬೇಕಾದವನು, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿ ತಾನೂ ಕಚೇರಿಗೆ ಓಡಬೇಕಾದವಳು, ಇವರು ಆ ಕರುಣೆಯನ್ನು ಎಲ್ಲಿಂದ ತೊಡಗಬೇಕು, ಹೇಗೆ ಬೆಳೆಸಬೇಕು, ಎಲ್ಲಿ ಮೋಸ ಹೋಗುವ ಸಂಭವವುಂಟು ಎಂಬ ಪ್ರಶ್ನೆಗೆ ನಮ್ಮ ನಾಟಕ ಕಾವ್ಯಗಳಲ್ಲಿ ಉತ್ತರವಿಲ್ಲ. ಅದು ಅವುಗಳ ಕೆಲಸವೂ ಅಲ್ಲವೆನ್ನಿ.

ಆ ಕೆಲಸವನ್ನು ಮಾಡಲು ಹೊರಟ ಗ್ರಂಥವೊಂದಿದೆ. ‘ವಿಶುದ್ಧಿಮಗ್ಗ’. ಅದರ ಒಂಬತ್ತನೆಯ ಅಧ್ಯಾಯದ ವಸ್ತು ಬ್ರಹ್ಮವಿಹಾರಗಳು, ಎಂದರೆ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ. ಈ ಒಂದು ಅಧ್ಯಾಯವನ್ನು ಸಾಹಿತ್ಯವಾಗಿಯೂ ಬಾಳಿನ ಕೈಪಿಡಿಯಾಗಿಯೂ ಓದಿದರೆ ನಮಗೆ ಎಷ್ಟು ದಕ್ಕೀತು, ಎಲ್ಲಿ ಅದು ಸಾಲದಾದೀತು ಎಂದು ನೋಡುವುದು ಈ ಬರಹದ ಉದ್ದೇಶ.

ಬರೆದವನು ಬುದ್ಧಘೋಷ. ಕ್ರಿಸ್ತಶಕ ಐದನೆಯ ಶತಮಾನದಲ್ಲಿ ಭಾರತದಿಂದ ಸಿಂಹಳಕ್ಕೆ ಹೋಗಿ ಅನುರಾಧಪುರದ ಮಹಾವಿಹಾರದಲ್ಲಿ ನೆಲೆಸಿದವನು. ನಮ್ಮಂತೆ ಊರು ಬಿಟ್ಟು ಹೋದವನೇ. ಈ ಗ್ರಂಥಕ್ಕೂ ನಮ್ಮ ಮುಂಬಯಿಗೂ ಒಂದು ನಂಟಿದೆ. ಅದನ್ನು ಇಲ್ಲಿಯ ಕನ್ನಡಿಗರು ಅರಿತಿದ್ದರೆ ಚೆನ್ನು. ಗೋವೆಯ ಸಾಂಖವಾಳದಲ್ಲಿ 1876ರಲ್ಲಿ ಹುಟ್ಟಿದ ಧರ್ಮಾನಂದ ಕೋಸಂಬಿಯವರು ಇದನ್ನು ದೇವನಾಗರಿಯಲ್ಲಿ ಸಂಪಾದಿಸಿ ಕೊಟ್ಟರು. ಮುಂಬಯಿಯ ಭಾರತೀಯ ವಿದ್ಯಾಭವನ ಅದನ್ನು 1940ರಲ್ಲಿ ಪ್ರಕಟಿಸಿತು. ಕೋಸಂಬಿಯವರು 1899ರಲ್ಲಿ ಹೆಂಡತಿಯನ್ನೂ ಎಳೆಯ ಮಗಳನ್ನೂ ಮನೆಯಲ್ಲಿ ಬಿಟ್ಟು ವಿದ್ಯೆಗಾಗಿ ಹೊರಟರು, ಪುಣೆ, ಕಾಶಿ, ನೇಪಾಳ, ಸಿಂಹಳ ಎಂದು ಅಲೆದರು, ಭಿಕ್ಷುವೂ ಆದರು. ಆದರೆ ಸಿದ್ಧಾರ್ಥನಂತಲ್ಲದೆ ಮರಳಿ ಬಂದು ಸಂಸಾರ ಹೂಡಿದರು. ಇತಿಹಾಸಕಾರ ಡಿ. ಡಿ. ಕೋಸಂಬಿಯವರು ಹುಟ್ಟಿದ್ದು ಆ ಮೇಲೆ, 1907ರಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿ ಕಲಿಸಿ, 1930ರ ದಶಕದಲ್ಲಿ ಪರೇಲಿನ ದುಡಿಯುವ ಜನರ ನಡುವೆ ‘ಬಹುಜನ ವಿಹಾರ’ವನ್ನು ನಿಲ್ಲಿಸಿದವರೂ ಇವರೇ. ಧ್ಯಾನದ ಈ ಮಹಾಗ್ರಂಥವನ್ನು ಅಕ್ಷರ ಅಕ್ಷರ ತಿದ್ದಿದ ವಿದ್ವಾಂಸ ಗಿರಣಿಗಳ ಹೊಗೆ ಕವಿದ ಬಡಾವಣೆಯಲ್ಲಿ ವಿಹಾರ ಕಟ್ಟಲು ಬಯಸಿದ್ದು ಕಾಕತಾಳೀಯವಾಗಿರಲಾರದು.

ಇನ್ನು ಅಧ್ಯಾಯಕ್ಕೆ ಬರೋಣ. ಅದರ ಮೊದಲ ಸೊಗಸು ಅದರ ಲೌಕಿಕ ಜಾಣ್ಮೆ. ಮೈತ್ರಿಯನ್ನು ಯಾರಿಂದ ತೊಡಗಬೇಕು? ಲೋಕದ ಸಕಲ ಜೀವರಾಶಿಯಿಂದ ಎಂದು ಭಾಷಣಕಾರರು ಹೇಳುತ್ತಾರೆ. ತನಗೆ ಅತಿ ಪ್ರಿಯರಾದವರಿಂದ ಎಂದು ನಾವು ಊಹಿಸಿಕೊಳ್ಳುತ್ತೇವೆ. ಬುದ್ಧಘೋಷ ಎರಡನ್ನೂ ಒಪ್ಪುವುದಿಲ್ಲ. ಮೊದಲು ನಿನ್ನಿಂದಲೇ ತೊಡಗು. ನಿನಗೆ ಸುಖ ಬೇಕು, ನೋವು ಬೇಡ ಎಂಬುದನ್ನು ಸಾಕ್ಷಿಯಾಗಿ ಇಟ್ಟುಕೋ. ಬಳಿಕ ನೀನು ಗೌರವಿಸುವ ಗುರುವಿನಂಥವರು, ಆಮೇಲೆ ಆಪ್ತ ಗೆಳೆಯ, ಆಮೇಲೆ ನಿನಗೆ ಬೇಕಾದವನೂ ಅಲ್ಲದ ಬೇಡವಾದವನೂ ಅಲ್ಲದ ಮಧ್ಯಸ್ಥ, ಕೊನೆಗೆ ವೈರಿ. ಹೀಗೆ ಮೆಟ್ಟಿಲು. ವೈರಿಯೇ ಇಲ್ಲದವನಾದರೆ ಆ ಮೆಟ್ಟಿಲಿನ ಗೋಜಿಗೆ ಹೋಗಬೇಕಿಲ್ಲ ಎಂಬ ಸೂಚನೆಯೂ ಉಂಟು. ಸೊಸೈಟಿಯ ಸಭೆಗಳಿಗೆ ಹೋಗುವವರಿಗೆ ಆ ವಿನಾಯಿತಿ ಸಿಗಲಾರದು.

ವಿರುದ್ಧ ಲಿಂಗದವರನ್ನೇ ವಿಶೇಷವಾಗಿ ಕುರಿತು ಮೈತ್ರಿಯನ್ನು ಏಕೆ ಭಾವಿಸಬಾರದು ಎಂಬುದಕ್ಕೆ ಒಂದು ಕತೆ ಕೊಡುತ್ತಾನೆ. ಒಬ್ಬ ಯುವಕ ಥೇರನೊಬ್ಬನನ್ನು ಕೇಳಿದ: ಮೈತ್ರಿಯನ್ನು ಯಾರ ಮೇಲೆ ಭಾವಿಸಲಿ? ಪ್ರಿಯರಾದವರ ಮೇಲೆ ಎಂದ ಥೇರ. ಯುವಕನಿಗೆ ಪ್ರಿಯಳಾದವಳು ಹೆಂಡತಿ. ಕೋಣೆಯೊಳಗೆ ಕುಳಿತು ಅವಳನ್ನೇ ನೆನೆನೆನೆದು ಮೈತ್ರಿ ಭಾವಿಸಿದ. ಪರಿಣಾಮವಾಗಿ ರಾತ್ರಿಯಿಡೀ ಗೋಡೆಯೊಡನೆ ಗುದ್ದಾಡಿದ! ಇಷ್ಟೇ ಕತೆ. ವ್ಯಾಖ್ಯಾನವಿಲ್ಲ. ಶಾಸ್ತ್ರಗ್ರಂಥದ ನಟ್ಟನಡುವೆ, ಮುಖದ ಗೆರೆಯೊಂದೂ ಅಲುಗದಂತೆ ಹೇಳಿದ ಈ ಹಾಸ್ಯವನ್ನು ನಮ್ಮ ಗಾಂಪರ ಗುಂಪಿನ ಕತೆಗಳ ಪಕ್ಕದಲ್ಲಿಡಬಹುದು.

ಈ ಕತೆಯ ಹಿಂದಿರುವ ವಿಚಾರ ಅಧ್ಯಾಯದ ಬಹು ಮೌಲಿಕವಾದ ಭಾಗ. ಪ್ರತಿ ಸದ್ಗುಣಕ್ಕೂ ಇಬ್ಬರು ಶತ್ರುಗಳು: ಒಬ್ಬ ದೂರದವನು, ಒಬ್ಬ ಹತ್ತಿರದವನು. ಮೈತ್ರಿಗೆ ದೂರದ ಶತ್ರು ದ್ವೇಷ. ಅವನು ಬೆಟ್ಟದಾಚೆ ಅಡಗಿದ ಹಗೆಯಂತೆ, ಕಂಡರೆ ಗುರುತು ಸಿಕ್ಕುತ್ತದೆ. ಹತ್ತಿರದ ಶತ್ರು ವ್ಯಾಮೋಹ. ಅವನು ನಮ್ಮ ಪಕ್ಕದಲ್ಲೇ ಓಡಾಡುವವನು, ಮಿತ್ರನ ವೇಷದವನು. ಕರುಣೆಗೆ ದೂರದ ಶತ್ರು ಕ್ರೌರ್ಯ. ಹತ್ತಿರದ ಶತ್ರು ಸಂಸಾರದ ದುಃಖ, ಬೇಕಾದುದು ಸಿಗದೆ, ಇದ್ದುದು ಕೈಬಿಟ್ಟು ಬರುವ ಅಳಲು. ಮುದಿತೆ ಎಂದರೆ ಪರರ ಸಂತೋಷದಲ್ಲಿ ಸಂತೋಷ. ಅದರ ದೂರದ ಶತ್ರು ಪರರ ಏಳಿಗೆಯನ್ನು ಕಂಡಾಗಿನ ಬೇಸರ. ಹತ್ತಿರದ್ದು ಸ್ವಂತ ಲಾಭದ ಹಿಗ್ಗು. ಉಪೇಕ್ಷೆ ಎಂದರೆ ಸಮಚಿತ್ತ. ಅದರ ಹತ್ತಿರದ ಶತ್ರು ಅಜ್ಞಾನದಿಂದ ಹುಟ್ಟಿದ ಉದಾಸೀನ.

ಈ ಕೊನೆಯ ಮಾತು ಮಹಾನಗರದಲ್ಲಿ ಬಾಳುವ ನಮಗೆ ಹೇಳಿ ಮಾಡಿಸಿದಂತಿದೆ. ‘ನಮಗೇಕೆ ಬಿಡಿ ಪರರ ಉಸಾಬರಿ’ ಎಂಬುದು ಇಲ್ಲಿಗೆ ಬಂದ ಮೊದಲ ವರ್ಷದಲ್ಲೇ ನಾವು ಕಲಿಯುವ ಪಾಠ. ಎದುರುಮನೆಯಲ್ಲಿ ಹೆಣ್ಣುಮಗಳೊಬ್ಬಳು ಅತ್ತರೆ ರೇಡಿಯೋ ತುಸು ಜೋರು ಮಾಡುತ್ತೇವೆ. ಅದಕ್ಕೆ ನಾವು ಕೊಡುವ ಹೆಸರು ಸಭ್ಯತೆ, ಕೆಲವೊಮ್ಮೆ ಸ್ಥಿತಪ್ರಜ್ಞತೆ. ಬುದ್ಧಘೋಷ ಇದನ್ನು ಬಲ್ಲ. ಸಮಚಿತ್ತದ ವೇಷ ತೊಟ್ಟ ಮಂಕುತನ ಎಂದು ಅವನು ಅದನ್ನು ಬೇರ್ಪಡಿಸಿಟ್ಟಿರುವುದು ಹದಿನೈದು ಶತಮಾನಗಳ ಹಿಂದೆ, ನಗರವೆಂದರೆ ಏನೆಂದು ಇಷ್ಟು ಸ್ಪಷ್ಟವಾಗಿ ತಿಳಿಯುವ ಮೊದಲೇ. ಮುದಿತೆಯ ವಿಷಯವನ್ನು ನಾನು ವಿಸ್ತರಿಸುವುದಿಲ್ಲ. ನೆರೆಯವರ ಮಗನಿಗೆ ಅಮೆರಿಕೆಯ ವೀಸಾ ಬಂದ ದಿನ ನಮ್ಮ ಮನೆಗಳಲ್ಲಿ ಆಡುವ ಮಾತುಗಳನ್ನು ಓದುಗರು ಒಮ್ಮೆ ನೆನೆದುಕೊಂಡರೆ ಸಾಕು.

ಕೋಪ ಬಂದಾಗ ಏನು ಮಾಡಬೇಕೆಂಬ ಭಾಗವನ್ನು ಮಾತ್ರ ತುಸು ನಿಧಾನವಾಗಿ ನೋಡಬೇಕು. ವೈರಿಯ ಮೆಟ್ಟಿಲಿಗೆ ಬಂದು ಸಾಧಕ ಎಡವುತ್ತಾನೆ, ಹಳೆಯ ಅಪರಾಧ ನೆನಪಾಗಿ ಸಿಟ್ಟು ಏಳುತ್ತದೆ. ಆಗ ಉಪಾಯಗಳ ಒಂದು ಸರಮಾಲೆಯೇ ಬರುತ್ತದೆ. ಬುದ್ಧನ ಬೋಧೆಯನ್ನು ನೆನೆ. ಆಗಲಿಲ್ಲವೋ, ಅವನಲ್ಲಿ ಒಳ್ಳೆಯದೇನಿದೆ ಹುಡುಕು. ಒಬ್ಬನ ಬಾಯಿ ಕೆಟ್ಟದಾಗಿದ್ದರೂ ತನ್ನ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವನಾಗಿರಬಹುದು, ಬಾಯನ್ನು ಮರೆತು ಕೆಲಸವನ್ನು ನೆನೆ. ಒಳ್ಳೆಯದು ಏನೂ ಸಿಗಲಿಲ್ಲವೋ, ಇಂಥವನ ಮುಂದಿನ ಗತಿಯೇನು ಎಂದು ಮರುಗು. ಅದೂ ಆಗಲಿಲ್ಲವೋ, ನಿನಗೆ ನೀನೇ ಬುದ್ಧಿ ಹೇಳಿಕೋ; ಪರರನ್ನು ಹೊಡೆಯಲೆಂದು ಹೇಲನ್ನು ಕೈಗೆತ್ತಿಕೊಂಡವನು ಮೊದಲು ತಾನೇ ನಾರುವನಲ್ಲವೇ. ಅದಕ್ಕೂ ಬಗ್ಗದಿದ್ದರೆ, ಈ ದೀರ್ಘ ಸಂಸಾರದಲ್ಲಿ ಇವನು ಎಂದಾದರೊಮ್ಮೆ ನನ್ನ ತಾಯಿಯಾಗಿದ್ದಿರಬೇಕು, ಹತ್ತು ತಿಂಗಳು ಹೊತ್ತಿರಬೇಕು ಎಂದು ಭಾವಿಸು. ಅದೂ ಸಾಲದಿದ್ದರೆ ಅವನನ್ನು ಬಿಡಿಬಿಡಿಯಾಗಿ ನೋಡು: ನಿನಗೆ ಸಿಟ್ಟು ಬಂದಿರುವುದು ಅವನ ಕೂದಲ ಮೇಲೋ, ಉಗುರ ಮೇಲೋ, ಹಲ್ಲಿನ ಮೇಲೋ? ಇಷ್ಟೆಲ್ಲ ಆದ ಮೇಲೂ ಸಿಟ್ಟು ಇಳಿಯದಿದ್ದರೆ, ಅವನಿಗೊಂದು ಉಡುಗೊರೆ ಕೊಡು.

ಈ ಕೊನೆಯ ಉಪಾಯಕ್ಕೆ ಚಿತ್ತಲಪಬ್ಬತ ವಿಹಾರದ ಕತೆ. ಹಿರಿಯ ಥೇರನೊಬ್ಬ ಒಬ್ಬ ಭಿಕ್ಷುವನ್ನು ಮೂರು ಬಾರಿ ಅವನ ಕೋಣೆಯಿಂದ ಎಬ್ಬಿಸಿ ಹೊರಹಾಕಿದ್ದ. ಆ ಭಿಕ್ಷು ಹಿರಿಯನಿಗೆ ತನ್ನ ಪಾತ್ರೆಯನ್ನು ಕೊಟ್ಟ. ಇದು ಎಂಟು ಕಹಾಪಣ ಬೆಲೆಯದು, ನನ್ನ ತಾಯಿ ಕೊಟ್ಟದ್ದು, ನೀವು ತೆಗೆದುಕೊಂಡು ಆಕೆಗೆ ಪುಣ್ಯವಾಗುವಂತೆ ಮಾಡಿ ಎಂದ. ಜಾಗಕ್ಕಾಗಿ ನಡೆದ ಜಗಳ! ಮುಂಬಯಿಯ ಚಾಳಿನಲ್ಲಿ ಒಂದು ಖೋಲಿಗಾಗಿ, ನೀರಿನ ನಲ್ಲಿಗಾಗಿ ನಡೆದ ಜಗಳಗಳನ್ನು ಕಂಡವರಿಗೆ ಇದು ದೂರದ ಕತೆಯೆನಿಸದು. ಇದರಲ್ಲಿ ನನಗೆ ಹಿಡಿಸಿದ್ದು ಬುದ್ಧಘೋಷನ ತಾಳ್ಮೆ. ಮೊದಲ ಉಪಾಯಕ್ಕೇ ಮನಸ್ಸು ಬಗ್ಗೀತೆಂದು ಅವನು ನಂಬಿಲ್ಲ. ಮನುಷ್ಯನ ಸಿಟ್ಟು ಎಷ್ಟು ಗಟ್ಟಿಯೆಂದು ಬಲ್ಲವನು ಮಾತ್ರ ಇಷ್ಟೊಂದು ಬದಲಿ ದಾರಿಗಳನ್ನು ಹುಡುಕಿಯಾನು. ಇಷ್ಟೂ ಸೋತ ಮೇಲೆ ಮನಸ್ಸಿನ ಕೆಲಸವನ್ನು ಕೈಗೆ ಒಪ್ಪಿಸುತ್ತಾನೆ: ಯೋಚಿಸಿ ಆಗಲಿಲ್ಲವೇ, ಕೊಟ್ಟು ನೋಡು.

ಅಧ್ಯಾಯದ ಶಿಖರವಿರುವುದು ಇದರ ಮುಂದೆ. ಸಾಧಕ ನಾಲ್ವರಲ್ಲೂ ಸಮಭಾವ ತಳೆದನೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಒಂದು ಪರೀಕ್ಷೆಯಿದೆ. ಅವನು, ಅವನ ಪ್ರಿಯನೊಬ್ಬ, ಮಧ್ಯಸ್ಥನೊಬ್ಬ, ವೈರಿಯೊಬ್ಬ, ಈ ನಾಲ್ವರು ಒಂದೆಡೆ ಕುಳಿತಿದ್ದಾರೆ. ಕಳ್ಳರು ಬಂದು, ನಿಮ್ಮಲ್ಲಿ ಒಬ್ಬನನ್ನು ಕೊಡಿ, ಕೊಂದು ಕೊರಳ ರಕ್ತದಿಂದ ಬಲಿ ಕೊಡಬೇಕಾಗಿದೆ ಎನ್ನುತ್ತಾರೆ. ಸಾಧಕ, ಅವನನ್ನು ಒಯ್ಯಿರಿ ಎಂದರೆ ಸೋತನೆಂಬುದು ಸ್ಪಷ್ಟ. ಆದರೆ, ನನ್ನನ್ನು ಒಯ್ಯಿರಿ, ಇವರನ್ನು ಬಿಡಿ ಎಂದರೆ? ಆಗಲೂ ಸೋತ, ಎನ್ನುತ್ತಾನೆ ಬುದ್ಧಘೋಷ. ಏಕೆಂದರೆ ಉಳಿದ ಮೂವರ ಹಿತ ಬಯಸಿದ, ತನ್ನದನ್ನು ಬಯಸಲಿಲ್ಲ. ನಾಲ್ವರಲ್ಲಿ ಕೊಡತಕ್ಕವನು ಒಬ್ಬನೂ ಕಾಣದಿದ್ದಾಗಲೇ ಗಡಿ ಒಡೆಯಿತು.

ನಾವು ಬೆಳೆದ ಕತೆಗಳಿಗೆಲ್ಲ ಇದು ಎಷ್ಟು ವಿರುದ್ಧವಾಗಿದೆ, ನೋಡಿ. ಪುಣ್ಯಕೋಟಿಯ ಹಾಡನ್ನು ಕೇಳಿ ಅಳದ ಕನ್ನಡದ ಮಗುವಿಲ್ಲ. ನನ್ನನ್ನು ತಿನ್ನು ಎಂದು ಹುಲಿಯ ಮುಂದೆ ಬಂದು ನಿಂತ ಹಸು ನಮ್ಮ ಆದರ್ಶ. ಹಾಡಿನ ನಿಜವಾದ ವಿಷಯ ಸತ್ಯವೇ ಹೊರತು ತ್ಯಾಗವಲ್ಲ. ಕೊಟ್ಟ ಮಾತಿಗೆ ತಪ್ಪಬಾರದೆಂದು ಹಸು ಬಂತು, ಸಾಯುವ ಬಯಕೆಯಿಂದಲ್ಲ. ಆದರೆ ನಾವು ಅದನ್ನು ತ್ಯಾಗದ ಹಾಡಾಗಿ ಕೇಳಿದೆವು. ನಮ್ಮ ಕಾದಂಬರಿಗಳಲ್ಲಿ, ಚಲನಚಿತ್ರಗಳಲ್ಲಿ ಆ ಹಸುವನ್ನು ತ್ಯಾಗಮಯಿಯಾದ ಹೆಣ್ಣಾಗಿ ಮತ್ತೆ ಮತ್ತೆ ಕಂಡೆವು. ಹಸಿದ ಹೆಣ್ಣುಹುಲಿಗೆ ತನ್ನ ಮೈಯನ್ನೇ ಒಡ್ಡಿದ ಬೋಧಿಸತ್ವನ ಕತೆಯೂ, ಗರುಡನಿಗೆ ತನ್ನನ್ನು ಕೊಟ್ಟುಕೊಂಡ ಜೀಮೂತವಾಹನನ ‘ನಾಗಾನಂದ’ವೂ ಇದೇ ಸಾಲಿನವು. ಬೌದ್ಧ ಸಾಹಿತ್ಯದಲ್ಲೂ ಆ ಧಾರೆಗೆ ಕೊರತೆಯಿಲ್ಲ. ಬುದ್ಧಘೋಷನೇ ಕೋಪದ ಉಪಾಯಗಳ ನಡುವೆ ಖಂತಿವಾದಿಯಂಥ ಜಾತಕಗಳನ್ನು ಸಾಲಾಗಿ ಜೋಡಿಸುತ್ತಾನೆ. ಕೈಕಾಲು ಕತ್ತರಿಸಿದರೂ ಸಿಟ್ಟಾಗದ ತಪಸ್ವಿಯ ಕತೆ ಅದು. ಒಂದೇ ಅಧ್ಯಾಯದಲ್ಲಿ ಎರಡು ದನಿಗಳಿವೆ: ಮೈಯನ್ನೇ ಕೊಡುವ ವೀರರ ದನಿ ಒಂದು, ನಿನ್ನನ್ನೂ ಲೆಕ್ಕಕ್ಕೆ ಹಿಡಿ ಎನ್ನುವ ವಿವೇಕದ ದನಿ ಇನ್ನೊಂದು. ಇವೆರಡನ್ನೂ ಹೊಂದಿಸುವ ಗೋಜಿಗೆ ಗ್ರಂಥಕಾರ ಹೋಗಿಲ್ಲ. ಇದನ್ನು ನಾನು ದೋಷವೆಂದೇ ಎಣಿಸುತ್ತೇನೆ. ಹೊಂದಿಸಲು ಯತ್ನಿಸಿದ್ದರೆ ಅಧ್ಯಾಯ ಇನ್ನೂ ಆಳವಾಗುತ್ತಿತ್ತು.

ಆದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ, ಮನೆವಾರ್ತೆಗೆ ಬೇಕಾದದ್ದು ಎರಡನೆಯದು. ಊರಿನಿಂದ ಬಂದ ವಯಸ್ಸಾದವರು, ಓದುವ ಮಕ್ಕಳು, ಕಚೇರಿಯ ಕೆಲಸ, ಒಂದೂವರೆ ಕೋಣೆಯ ಮನೆ. ಇದರ ನಡುವೆ ಯಾರನ್ನಾದರೂ ಒಬ್ಬರನ್ನು ಕೊಡಿ ಎಂದು ಕಳ್ಳರು ದಿನಾ ಬರುತ್ತಾರೆ. ‘ನನ್ನನ್ನು ಒಯ್ಯಿರಿ’ ಎಂದು ಹೇಳುವ ಸರದಿ ಮಾತ್ರ ಯಾವಾಗಲೂ ಒಬ್ಬಳದೇ ಆಗಿರುತ್ತದೆ. ಹತ್ತು ವರ್ಷ ಹಾಸಿಗೆ ಹಿಡಿದವರ ಸೇವೆ ಮಾಡಿ ತಾನೇ ಹಾಸಿಗೆ ಹಿಡಿದ ಸೊಸೆಯಂದಿರನ್ನು ನಾವೆಲ್ಲ ಬಲ್ಲೆವು. ಅವರಿಗೆ ನಾವು ದೇವತೆಯೆಂಬ ಬಿರುದು ಕೊಟ್ಟು ಕೈತೊಳೆದುಕೊಂಡಿದ್ದೇವೆ. ಆಕೆಯ ಗಂಡನೂ ಮೈದುನನೂ ಬಿರುದು ಕೊಟ್ಟವರಲ್ಲಿ ಮೊದಲಿಗರು. ಬುದ್ಧಘೋಷನ ಲೆಕ್ಕದಲ್ಲಿ ಅಲ್ಲಿ ಮೈತ್ರಿ ಇನ್ನೂ ಗಡಿ ದಾಟಿಲ್ಲ. ಅವಳಲ್ಲೂ ದಾಟಿಲ್ಲ, ಅವಳನ್ನು ಕೊಟ್ಟು ಸುಮ್ಮನೆ ಕುಳಿತ ಉಳಿದವರಲ್ಲಂತೂ ಮೆಟ್ಟಿಲೇ ಹತ್ತಿಲ್ಲ.

ಇಷ್ಟು ಹೇಳಿದ ಮೇಲೆ ಗ್ರಂಥದ ದೊಡ್ಡ ಮಿತಿಯನ್ನೂ ಹೇಳಬೇಕು. ಈ ಮೈತ್ರಿ ಕುಳಿತಲ್ಲಿಂದ ಏಳುವುದಿಲ್ಲ. ಊಟ ಮಾಡಿ, ತೂಕಡಿಕೆ ಕಳೆದು, ಏಕಾಂತದಲ್ಲಿ ಆಸನದ ಮೇಲೆ ಕುಳಿತು ತೊಡಗು ಎಂದು ಅಧ್ಯಾಯ ಆರಂಭವಾಗುತ್ತದೆ. ಗುರಿ ಧ್ಯಾನದ ಸಮಾಧಿ. ಕರುಣೆಯ ಪಾಠವನ್ನೇ ನೋಡಿ. ಕೈಕಾಲು ಕಳೆದುಕೊಂಡು ಭಿಕ್ಷಾಪಾತ್ರೆ ಮುಂದಿಟ್ಟು ಕುಳಿತ ದೀನನೊಬ್ಬನನ್ನು ಕಂಡು ಕರುಣೆ ತೊಡಗಬೇಕು ಎನ್ನುತ್ತಾನೆ. ಅಂಥವನು ಕಾಣದಿದ್ದರೆ, ಸದ್ಯ ಸುಖವಾಗಿರುವ ಪಾಪಿಯನ್ನು ವಧಾಸ್ಥಾನಕ್ಕೆ ಒಯ್ಯುತ್ತಿರುವ ಅಪರಾಧಿಯಂತೆ ಭಾವಿಸಬೇಕು. ದಾರಿಯಲ್ಲಿ ಜನ ಅವನಿಗೆ ಹೂವು, ತಿಂಡಿ, ತಾಂಬೂಲ ಕೊಡುತ್ತಾರೆ, ಅವನು ತಿನ್ನುತ್ತಾ ನಡೆಯುತ್ತಾನೆ, ಆದರೂ ಅವನು ಸುಖಿಯೆಂದು ಯಾರೂ ತಿಳಿಯುವುದಿಲ್ಲ. ಎಂಥ ಚಿತ್ರ! ದೊಡ್ಡ ಕತೆಗಾರನ ಕಣ್ಣು ಅದು. ಆದರೆ ಆ ದೀನನ ಪಾತ್ರೆಗೆ ಒಂದು ತುತ್ತು ಬಿತ್ತೇ ಎಂಬುದು ಅಧ್ಯಾಯದಲ್ಲಿ ಬರುವುದಿಲ್ಲ. ಅವನು ಧ್ಯಾನಕ್ಕೆ ವಿಷಯವಾದ, ಮುಗಿಯಿತು. ಬುದ್ಧಘೋಷ ಬರೆದದ್ದು ಭಿಕ್ಷುಗಳಿಗಾಗಿ, ಧ್ಯಾನದ ಕೈಪಿಡಿಯಾಗಿ ಎಂಬ ಸಮಾಧಾನವನ್ನು ಹೇಳಬಹುದು. ಗೃಹಸ್ಥರಾದ ನಮಗೆ ಅದು ಸಾಲದು.

ಸತ್ಯನಾರಾಯಣ ಗೋಯೆಂಕಾ ಅವರು ಬರ್ಮಾದಿಂದ ಬಂದು 1969ರಲ್ಲಿ ಮುಂಬಯಿಯಲ್ಲೇ ಭಾರತದ ಮೊದಲ ವಿಪಶ್ಯನಾ ಶಿಬಿರ ನಡೆಸಿದರು. ಆಮೇಲೆ ಇಗತ್‌ಪುರಿಯಲ್ಲಿ ಕೇಂದ್ರ ಬೆಳೆಯಿತು. ಕಸಾರಾ ಘಟ್ಟ ಹತ್ತಿ ಅಲ್ಲಿಗೆ ಹೋಗಿ ಹತ್ತು ದಿನ ಕುಳಿತು ಬಂದ ಕನ್ನಡಿಗರು ನಮ್ಮಲ್ಲಿ ಸಾಕಷ್ಟಿದ್ದಾರೆ. ಒಂಬತ್ತು ದಿನದ ಮೌನದ ಬಳಿಕ ಹತ್ತನೆಯ ದಿನ ಅಲ್ಲಿ ಮೈತ್ರಿಯನ್ನು ಕಲಿಸುತ್ತಾರೆ. ಶಿಬಿರದ ಬೆಲೆಯನ್ನು ನಾನು ಕಡಿಮೆಮಾಡುವುದಿಲ್ಲ. ಅಲ್ಲಿಂದ ಬಂದು ಸಿಟ್ಟು ಕಡಿಮೆಯಾದವರನ್ನು ಕಂಡಿದ್ದೇನೆ. ನನ್ನ ಪ್ರಶ್ನೆ ಹನ್ನೊಂದನೆಯ ದಿನದ್ದು. ನಾವು ಮನೆಯಲ್ಲಿರಲಿಲ್ಲ, ಪಾತ್ರೆ ತಿಕ್ಕುವ ಕೆಲಸವಿರಲಿಲ್ಲ ಎಂದು ಕೆಲಸದ ಬಾಯಿಯ ಹತ್ತು ದಿನದ ಪಗಾರ ಹಿಡಿದರೆ ಆ ಹತ್ತನೆಯ ದಿನ ಎಲ್ಲಿ ಹೋಯಿತು?

ಇದು ನನ್ನ ಕುಹಕವಲ್ಲ. ಬುದ್ಧವಚನದಲ್ಲೇ ಈ ಲೆಕ್ಕವಿದೆ. ದೀಘನಿಕಾಯದ ಸಿಗಾಲೋವಾದ ಸುತ್ತದಲ್ಲಿ ರಾಜಗೃಹದ ಗೃಹಸ್ಥನ ಮಗ ಸಿಗಾಲ ಬೆಳಗ್ಗೆದ್ದು ಒದ್ದೆ ಬಟ್ಟೆ, ಒದ್ದೆ ಕೂದಲಿನಲ್ಲಿ ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದಾನೆ. ಸತ್ತ ತಂದೆ ಹೇಳಿಹೋದ ಮಾತು ಅದು. ಸಂಧ್ಯಾವಂದನೆಯ ದಿಗ್‌ನಮಸ್ಕಾರವನ್ನು ಮಾಡಿ ಬಲ್ಲವರಿಗೆ ಈ ಹುಡುಗ ನಮ್ಮವನೇ ಎನ್ನಿಸದಿರದು. ಬುದ್ಧ ಅವನ ನಮಸ್ಕಾರವನ್ನು ನಿಲ್ಲಿಸುವುದಿಲ್ಲ, ದಿಕ್ಕುಗಳ ಅರ್ಥ ಬದಲಿಸುತ್ತಾನೆ. ಮೂಡಣವೆಂದರೆ ತಾಯಿತಂದೆ, ತೆಂಕಣ ಗುರುಗಳು, ಪಡುವಣ ಹೆಂಡತಿ ಮಕ್ಕಳು, ಬಡಗಣ ಗೆಳೆಯರು, ಮೇಲಿನ ದಿಕ್ಕು ಶ್ರಮಣಬ್ರಾಹ್ಮಣರು, ಕೆಳಗಿನ ದಿಕ್ಕು ಆಳುಕಾಳುಗಳು. ಆಳಿಗೆ ಒಡೆಯ ಮಾಡಬೇಕಾದದ್ದು ಐದು: ಶಕ್ತಿಗೆ ತಕ್ಕ ಕೆಲಸ ಹೇಳುವುದು, ಊಟವನ್ನೂ ಕೂಲಿಯನ್ನೂ ಕೊಡುವುದು, ಕಾಯಿಲೆಯಾದಾಗ ನೋಡಿಕೊಳ್ಳುವುದು, ವಿಶೇಷ ಅಡಿಗೆ ಮಾಡಿದಾಗ ಪಾಲು ಕೊಡುವುದು, ಸಮಯಕ್ಕೆ ಬಿಡುವು ಕೊಡುವುದು. ಕಾವ್ಯದ ಸೊಬಗು ಇಲ್ಲಿ ಏನೂ ಇಲ್ಲ, ಒಣ ಪಟ್ಟಿ. ಆದರೂ ವಿಶುದ್ಧಿಮಗ್ಗದ ಮಧ್ಯಸ್ಥ ವ್ಯಕ್ತಿ, ಬೇಕಾದವನೂ ಅಲ್ಲ ಬೇಡವಾದವನೂ ಅಲ್ಲ ಎಂಬ ಆ ಮುಖವಿಲ್ಲದವನು, ಇಲ್ಲಿ ಒಮ್ಮೆಗೇ ಮುಖ ಪಡೆಯುತ್ತಾನೆ. ಹಬ್ಬದ ಹೋಳಿಗೆಯಲ್ಲಿ ಪಾಲು, ಜ್ವರ ಬಂದಾಗ ಔಷಧಿ, ವಾರಕ್ಕೊಂದು ರಜೆ. ನಮ್ಮ ಮನೆಗಳಲ್ಲಿ ಈ ಐದರಲ್ಲಿ ಎಷ್ಟು ನಡೆಯುತ್ತಿದೆಯೆಂದು ಎಣಿಸಲು ಒಂದು ಕೈಯ ಬೆರಳು ಸಾಕು, ಅದೂ ಎಲ್ಲ ಬೆರಳು ಬೇಕಾಗಲಿಕ್ಕಿಲ್ಲ.

ಇದಕ್ಕಿಂತಲೂ ನಮ್ಮಂಥ ವಲಸಿಗರಿಗೆ ನೇರವಾಗಿ ತಟ್ಟುವ ಪ್ರಸಂಗ ವಿನಯಪಿಟಕದ ಮಹಾವಗ್ಗದಲ್ಲಿದೆ. ನಮ್ಮ ನಾಟಕಕಾರರು ಯಾರೂ ಅದನ್ನು ಮುಟ್ಟಿದಂತೆ ಕಾಣೆ. ರಂಗದ ಮೇಲೆ ತರಲು ಆಗದಂಥದು. ಒಬ್ಬ ಭಿಕ್ಷು ಆಮಶಂಕೆಯಿಂದ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದಾನೆ. ಬುದ್ಧ ಆನಂದನೊಡನೆ ವಸತಿಗಳನ್ನು ನೋಡಿಕೊಂಡು ಬರುತ್ತ ಅವನನ್ನು ಕಾಣುತ್ತಾನೆ. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ? ಇಲ್ಲ. ಏಕೆ? ನಾನು ಇತರ ಭಿಕ್ಷುಗಳಿಗೆ ಏನೂ ಮಾಡಿಲ್ಲ, ಅದಕ್ಕೆ ಅವರೂ ಮಾಡುವುದಿಲ್ಲ. ಬುದ್ಧ ಆನಂದನಿಂದ ನೀರು ತರಿಸುತ್ತಾನೆ. ತಾನು ನೀರು ಹೊಯ್ಯುತ್ತಾನೆ, ಆನಂದ ತೊಳೆಯುತ್ತಾನೆ. ಒಬ್ಬ ತಲೆಯ ಕಡೆ, ಒಬ್ಬ ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಬಳಿಕ ಭಿಕ್ಷುಗಳನ್ನೆಲ್ಲ ಸೇರಿಸಿ ಬುದ್ಧ ಕೇಳುವ ಪ್ರಶ್ನೆಯ ತಾತ್ಪರ್ಯ ಇಷ್ಟು: ನಿಮ್ಮನ್ನು ನೋಡಿಕೊಳ್ಳಲು ತಾಯಿತಂದೆ ಇಲ್ಲಿಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಮತ್ತಾರು ನೋಡುವರು?

ಊರಿನಲ್ಲಿ ತಾಯಿತಂದೆಯನ್ನು ಬಿಟ್ಟು ಬಂದವರ ಗುಂಪು ಅದು. ಸಂಘವೆಂಬ ಮಾತನ್ನು ನಮ್ಮ ಕರ್ನಾಟಕ ಸಂಘಗಳು ಎರವಲು ಪಡೆದದ್ದು ಅಲ್ಲಿಂದಲೇ ಇರಲಾರದು, ಆದರೂ ಪ್ರಶ್ನೆ ನಮಗೆ ಒಪ್ಪುತ್ತದೆ. ರಾಜ್ಯೋತ್ಸವಕ್ಕೆ ಸೇರುತ್ತೇವೆ, ನಾಟಕ ಆಡುತ್ತೇವೆ, ಬಿಸಿಬೇಳೆ ಭಾತು ಉಣ್ಣುತ್ತೇವೆ, ಎಲ್ಲ ಸರಿಯೇ. ವರ್ಗಣಿ ಕೊಡದ ಸದಸ್ಯ ಆಸ್ಪತ್ರೆಯಲ್ಲಿದ್ದರೆ ಅವನ ಮಂಚದ ಬಳಿ ರಾತ್ರಿ ಕುಳಿತುಕೊಳ್ಳುವವರು ಯಾರು? ‘ಅವನು ನಮ್ಮ ಯಾವ ಕಾರ್ಯಕ್ರಮಕ್ಕೂ ಬಂದವನಲ್ಲ’ ಎಂಬುದು ಆ ಭಿಕ್ಷುಗಳು ಕೊಟ್ಟ ಉತ್ತರವೇ.

ಅದೇ ಪ್ರಸಂಗದ ಮುಂದಿನ ಭಾಗ ಇನ್ನೂ ವ್ಯಾವಹಾರಿಕ. ಎಂಥ ರೋಗಿಯನ್ನು ನೋಡಿಕೊಳ್ಳುವುದು ಕಷ್ಟವೆಂಬುದಕ್ಕೆ ಲಕ್ಷಣ ಕೊಡಲಾಗಿದೆ: ಪಥ್ಯ ಮಾಡದವನು, ಮಿತಿಯರಿಯದವನು, ಔಷಧಿ ತೆಗೆದುಕೊಳ್ಳದವನು, ಇದ್ದ ನೋವನ್ನು ಇದ್ದಂತೆ ಹೇಳದವನು, ನೋವು ತಾಳದವನು. ಸೇವೆ ಮಾಡುವವನಿಗೆ ಇರಬೇಕಾದ ಗುಣಗಳಲ್ಲಿ, ಲಾಭದಾಸೆಯಿಂದಲ್ಲದೆ ಮೈತ್ರಿಯಿಂದ ಮಾಡುವುದು ಒಂದಾದರೆ, ಮಲಮೂತ್ರ ವಾಂತಿಗಳನ್ನು ತೆಗೆಯಲು ಹೇಸದಿರುವುದು ಇನ್ನೊಂದು. ಎರಡೂ ಒಂದೇ ಪಟ್ಟಿಯಲ್ಲಿ, ಅಕ್ಕಪಕ್ಕದಲ್ಲಿವೆ! ವಿಶುದ್ಧಿಮಗ್ಗದ ಮೈತ್ರಿಗೆ ಕೈ ಬಂದದ್ದು ಇಲ್ಲಿ. ರೋಗಿಯ ತಪ್ಪನ್ನೂ ಮುಚ್ಚಿಡದೆ ಹೇಳಿರುವುದು ಸೇವೆ ಮಾಡಿ ದಣಿದವರಿಗೆ ದೊಡ್ಡ ಸಮಾಧಾನ. ಸೇವೆ ಮಾಡುವವಳು ಸಿಡುಕಿದರೆ ಅವಳೇ ಪಾಪಿ ಎಂಬ ನಮ್ಮ ಮನೆಗಳ ತೀರ್ಪು ಇಲ್ಲಿಲ್ಲ.

ಡಾ. ಅಂಬೇಡ್ಕರರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ, ಕರುಣೆಯಲ್ಲಿಯೇ ನಿಲ್ಲಬಾರದು, ಮೈತ್ರಿಗೆ ಮುಂದುವರಿಯಬೇಕು ಎಂದು ವಾದಿಸಿದ್ದಾರೆ. ಅವರು ನಾಗಪುರದಲ್ಲಿ ಧಮ್ಮದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು, ತೀರಿಕೊಂಡದ್ದು ಅದೇ ಡಿಸೆಂಬರ್ 6ರಂದು. ಪುಸ್ತಕ ಹೊರಬಂದದ್ದು 1957ರಲ್ಲಿ. ಕರುಣೆ ಮನುಷ್ಯರನ್ನು ಕುರಿತದ್ದು, ಮೈತ್ರಿ ಸಕಲ ಜೀವಿಗಳನ್ನು ಕುರಿತದ್ದು ಎಂಬುದು ಅವರು ಕೊಡುವ ಕಾರಣ. ನನಗೆ ಅದರ ಹಿಂದೆ ಇನ್ನೊಂದು ಅರ್ಥವೂ ಕೇಳಿಸುತ್ತದೆ. ಕರುಣೆ ಮೇಲಿನವನು ಕೆಳಗಿನವನಿಗೆ ತೋರಬಹುದಾದದ್ದು. ತೋರಿಯೂ ಮೇಲೆಯೇ ಇರಬಹುದು. ಮೈತ್ರಿಗೆ ಇಬ್ಬರೂ ಒಂದೇ ನೆಲದ ಮೇಲೆ ನಿಲ್ಲಬೇಕು. ಸಿಗಾಲನ ಕೆಳಗಿನ ದಿಕ್ಕಿನವರು ಕೆಳಗೇ ಉಳಿದದ್ದು ಆ ಸುತ್ತದ ಮಿತಿಯಾದರೆ, ಅಂಬೇಡ್ಕರರ ಓದು ಅದನ್ನು ದಾಟುವ ಯತ್ನ. ಪ್ರತಿ ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಆ ದಿನ ರೈಲಿನ ಗರ್ದಿಯ ಬಗ್ಗೆ ನಮ್ಮವರು ಆಡುವ ಮಾತುಗಳಲ್ಲಿ ಮೈತ್ರಿ ಎಷ್ಟಿದೆ ಎಂಬುದನ್ನು ಕೇಳಿದವರು ಬಲ್ಲರು. ಮನೆಯ ಷೋಕೇಸಿನಲ್ಲಿ ಕಣ್ಣು ಮುಚ್ಚಿದ ಬುದ್ಧನ ಪ್ರತಿಮೆಯನ್ನು ಇಟ್ಟುಕೊಂಡವರೇ ಆ ಮಾತನ್ನಾಡುತ್ತಾರೆ.

ವಿಶುದ್ಧಿಮ��್ಗವನ್ನು ಒಟ್ಟಾಗಿ ಓದಿ ಮುಗಿಸುವುದು ಸುಲಭವಲ್ಲ. ಅದರ ಬಹುಭಾಗ ಪರಿಭಾಷೆಯ ಕಗ್ಗಾಡು. ಒಂಬತ್ತನೆಯ ಅಧ್ಯಾಯವನ್ನಾದರೂ ನುರಿತ ಕನ್ನಡದಲ್ಲಿ, ವಿನಯಪಿಟಕದ ರೋಗಿಯ ಪ್ರಸಂಗವನ್ನೂ ಸಿಗಾಲನ ಸುತ್ತವನ್ನೂ ಜೊತೆಗಿಟ್ಟು, ಕೈಹೊತ್ತಿಗೆಯಾಗಿ ಯಾರಾದರೂ ತಂದರೆ ಮನೆಗಳಲ್ಲಿ ಓದಿಯಾರು. ಅದರಲ್ಲಿ ಬಿಡಬಾರದ ಇನ್ನೊಂದು ಕತೆ ವಿಸಾಖ ಥೇರನದು. ಮೈತ್ರಿಯಿಂದ ಹನ್ನೊಂದು ಫಲಗಳೆಂದು ಹೇಳುವಲ್ಲಿ ಬರುತ್ತದೆ. ಪಾಟಲೀಪುತ್ರದ ಗೃಹಸ್ಥನಾಗಿದ್ದ ವಿಸಾಖ ಸಂಸಾರ ತೊರೆದು ಸಿಂಹಳಕ್ಕೆ ಬಂದು ಭಿಕ್ಷುವಾದ. ಒಂದೊಂದು ವಿಹಾರದಲ್ಲಿ ನಾಲ್ಕು ನಾಲ್ಕು ತಿಂಗಳಿದ್ದು ಮುಂದೆ ಹೋಗುವುದು ಅವನ ಕ್ರಮ. ಚಿತ್ತಲಪಬ್ಬತದಲ್ಲಿ ನಾಲ್ಕು ತಿಂಗಳು ಕಳೆದು, ನಾಳೆ ಹೊರಡುವೆನೆಂದು ಎಣಿಸಿಕೊಂಡಾಗ ಮರದಲ್ಲಿದ್ದ ದೇವತೆಯೊಂದು ಮೆಟ್ಟಿಲ ಮೇಲೆ ಕುಳಿತು ಅಳತೊಡಗಿತು. ಏಕೆಂದು ಕೇಳಿದರೆ, ನೀವು ಹೋಗುತ್ತೀರಲ್ಲ ಎಂದಿತು. ನಾನಿದ್ದರೆ ನಿಮಗೇನು ಲಾಭ ಎಂದ ಥೇರ. ನೀವು ಇರುವವರೆಗೆ ನಾವು ಇಲ್ಲಿಯವರು ಒಬ್ಬರೊಡನೊಬ್ಬರು ಸ್ನೇಹದಿಂದಿದ್ದೇವೆ. ನೀವು ಹೋದರೆ ಮತ್ತೆ ಜಗಳವಾಡುತ್ತೇವೆ, ಕೆಟ್ಟ ಮಾತಾಡುತ್ತೇವೆ ಎಂದಿತು ದೇವತೆ. ಹಾಗಾದರೆ ಒಳ್ಳೆಯದು ಎಂದು ಥೇರ ಇನ್ನೂ ನಾಲ್ಕು ತಿಂಗಳು ಉಳಿದ. ಮತ್ತೆ ಹೊರಡುವ ಯೋಚನೆ ಮಾಡಿದ, ದೇವತೆ ಮತ್ತೆ ಅತ್ತಿತು. ಹೀಗೆ ಉಳಿಯುತ್ತ ಉಳಿಯುತ್ತ ಅವನು ಅಲ್ಲಿಯೇ ಪರಿನಿರ್ವಾಣ ಹೊಂದಿದ. ಅವನು ಆ ದೇವತೆಗಳಿಗೆ ಏನು ಉಪದೇಶ ಮಾಡಿದನೆಂದು ಬುದ್ಧಘೋಷ ಬರೆದಿಲ್ಲ.